ಚೆನ್ನಾಗಿ ಓದುವ ಮಕ್ಕಳ ಕಾಲೇಜು ಪಟ್ಟಿ: ಅಮೆರಿಕದ ಅಡ್ಮಿಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲು ಹೊರಟಿರುವ ಚುರುಕು ಮಕ್ಕಳಿಗೂ ಅವರ ಅಪ್ಪ-ಅಮ್ಮಂದಿರಿಗೂ ಇದನ್ನು ಬರೆದಿದ್ದೇನೆ. ಸಾಧಾರಣ ಗ್ರೇಡ್ ಇರುವ ಮಕ್ಕಳ ಪಟ್ಟಿ ಎಷ್ಟೋ ಸಲ ಸರಿಯಾಗೇ ಇರುತ್ತದೆ. ಅವರು ಮೊದಲೇ ಹೆದರಿ ನಾಲ್ಕು ಕಡೆ ವಿಚಾರಿಸಿರುತ್ತಾರೆ. ಎಡವಟ್ಟಾಗುವುದು ಕ್ಲಾಸಿಗೆ ಮೊದಲು ಬರುವವರ ಪಟ್ಟಿಯಲ್ಲಿ. ಮೇಲೆ ಹತ್ತು ದೊಡ್ಡ ಹೆಸರು, ಕೆಳಗೆ ಯಾರೋ ಹೇಳಿದರು ಅಂತ ಸೇರಿಸಿದ ಒಂದು ಹೆಸರು, ನಡುವೆ ಖಾಲಿ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಪಟ್ಟಿಯನ್ನು ಕೆಳಗಿನಿಂದ ಕಟ್ಟಿಕೊಂಡು ಬನ್ನಿ. ಕೆಳಗೆ ಬಹುತೇಕ ಖಚಿತವಾಗಿ ಸಿಗುವ ಸೇಫ್ಟಿ, ನಡುವೆ ಸಿಗುವ ಸಂಭವ ಚೆನ್ನಾಗಿರುವ ಟಾರ್ಗೆಟ್, ಮೇಲೆ ಸಿಗುವುದು ಕಷ್ಟವಾದ ರೀಚ್.

ಮಗಳ ಜಿಪಿಎ (ಹೈಸ್ಕೂಲ್ ಗ್ರೇಡಿನ ಸರಾಸರಿ) 4.0, ಎಸ್‌ಎಟಿ (ಪ್ರವೇಶ ಪರೀಕ್ಷೆ) 1560. ಇಷ್ಟಿದ್ದರೂ ಸೇಫ್ಟಿ ಯಾಕೆ ಬೇಕು?

ಇಷ್ಟೇ ಇರುವ ಮಕ್ಕಳು ಬಹಳ ಜನ ಇದ್ದಾರೆ, ಅದಕ್ಕೆ. ಅಮೆರಿಕದಲ್ಲಿ ಹೈಸ್ಕೂಲುಗಳೇ 20 ಸಾವಿರಕ್ಕೂ ಹೆಚ್ಚಿವೆ. ಪ್ರತಿಯೊಂದರಲ್ಲೂ ಒಬ್ಬರು ಮೊದಲ ಸ್ಥಾನದಲ್ಲಿರುತ್ತಾರೆ. 2024ರಲ್ಲಿ ಸೇರಿದ ಬ್ಯಾಚಿಗೆ ಹಾರ್ವರ್ಡ್‌ಗೆ ಬಂದ ಅರ್ಜಿ 54 ಸಾವಿರ, ಸೀಟು ಸಿಕ್ಕಿದ್ದು 1,937 ಮಂದಿಗೆ. ಅಂದರೆ 3.6 ಪರ್ಸೆಂಟ್. ಎಂಐಟಿಗೆ ಅದೇ ವರ್ಷ 28 ಸಾವಿರಕ್ಕೂ ಹೆಚ್ಚು ಅರ್ಜಿ ಬಂದಿದ್ದವು, ಸಿಕ್ಕಿದ್ದು 1,300ಕ್ಕಿಂತ ಕಡಿಮೆ ಜನಕ್ಕೆ. ತಿರಸ್ಕೃತರಾದವರಲ್ಲಿ ಸಾವಿರಾರು ಮಕ್ಕಳು ಅಲ್ಲಿ ಸೇರಿದ್ದರೆ ಆರಾಮಾಗಿ ಓದಿ ಮುಗಿಸುತ್ತಿದ್ದರು. ಓದುವ ಶಕ್ತಿ ಇರುವವರೇ ಸೀಟಿನ ಹತ್ತರಷ್ಟಿದ್ದಾಗ ಒಳ್ಳೆಯ ಗ್ರೇಡ್ ನಿಮ್ಮ ಅರ್ಜಿಯನ್ನು ಗಮನವಿಟ್ಟು ಓದುವಂತೆ ಮಾಡುತ್ತದೆ, ಅಷ್ಟೇ. ಆಮೇಲಿನ ತೀರ್ಮಾನದಲ್ಲಿ ಪ್ರಬಂಧ, ಶಿಫಾರಸು ಪತ್ರ, ಆ ವರ್ಷ ಅವರಿಗೆ ಯಾವ ತರಹದ ಕ್ಲಾಸು ಬೇಕು ಅನ್ನುವುದೆಲ್ಲ ಸೇರಿರುತ್ತದೆ. ಅದರಲ್ಲಿ ಅರ್ಧದಷ್ಟು ನಿಮ್ಮ ಕೈಯಲ್ಲಿಲ್ಲ.

ರೀಚ್, ಟಾರ್ಗೆಟ್, ಸೇಫ್ಟಿ ಅಂತ ಹೇಗೆ ವಿಂಗಡಿಸುವುದು?

ಮಗುವಿನ ಅಂಕ ನೋಡುವ ಮೊದಲು ಕಾಲೇಜಿನ ಅಡ್ಮಿಷನ್ ದರ ನೋಡಿ. ನೂರಕ್ಕೆ 15ಕ್ಕಿಂತ ಕಡಿಮೆ ಜನರನ್ನು ತೆಗೆದುಕೊಳ್ಳುವ ಕಾಲೇಜು ಯಾರಿಗೇ ಆಗಲಿ ರೀಚ್. 1600ಕ್ಕೆ 1600 ಬಂದವರಿಗೂ ರೀಚೇ. "ನಮ್ಮ ಹುಡುಗನಿಗೆ ಕಾರ್ನೆಲ್ ಟಾರ್ಗೆಟ್" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ, ಯಾಕೆಂದರೆ ಅದರ ಕೆಳಗಿನ ಲೆಕ್ಕವೆಲ್ಲ ಅಲ್ಲಿಂದಲೇ ತಪ್ಪುತ್ತಾ ಹೋಗುತ್ತದೆ.

ಉಳಿದ ಕಾಲೇಜುಗಳಿಗೆ ಎರಡು ಕಡೆ ನೋಡಬೇಕು. ಒಂದು, ಕಾಮನ್ ಡೇಟಾ ಸೆಟ್ ಅನ್ನುವ ಅಂಕಿಅಂಶಗಳ ದಾಖಲೆ. ಹೆಚ್ಚಿನ ಕಾಲೇಜುಗಳು ಇದನ್ನು ಪ್ರತಿ ವರ್ಷ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಅದರ ಸಿ ವಿಭಾಗದಲ್ಲೇ ನಿಮಗೆ ಬೇಕಾದದ್ದೆಲ್ಲ ಇದೆ. ಸಿ7ರಲ್ಲಿ ಅವರು ಯಾವುದಕ್ಕೆ ಎಷ್ಟು ತೂಕ ಕೊಡುತ್ತಾರೆ ಅಂತ ಅವರೇ ಟಿಕ್ ಹಾಕಿರುತ್ತಾರೆ. ಸಿ9ರಲ್ಲಿ ಸೇರಿದ ಮಕ್ಕಳ ಟೆಸ್ಟ್ ಸ್ಕೋರ್ ಇರುತ್ತದೆ. ಎರಡನೆಯದು, ನಿಮ್ಮದೇ ಹೈಸ್ಕೂಲಿನ ಹಳೆಯ ದಾಖಲೆ. ನಾವಿಯನ್ಸ್, ಸ್ಕೊಯರ್ ತರಹದ ಪೋರ್ಟಲ್ ಇದ್ದರೆ ಹಿಂದಿನ ವರ್ಷಗಳಲ್ಲಿ ನಿಮ್ಮ ಶಾಲೆಯಿಂದ ಯಾವ ಗ್ರೇಡಿನವರಿಗೆ ಎಲ್ಲಿ ಸಿಕ್ಕಿದೆ ಅನ್ನುವ ಚುಕ್ಕಿಗಳ ಚಿತ್ರ ಕಾಣಿಸುತ್ತದೆ. ಇದು ತುಂಬಾ ಉಪಯೋಗದ್ದು. ಆದರೆ ಆ ಚುಕ್ಕಿ ಯಾವ ಮೇಜರ್‌ನವರದ್ದು (ಮೇಜರ್ ಅಂದರೆ ಡಿಗ್ರಿಯ ಮುಖ್ಯ ವಿಷಯ), ಆಟಗಾರರದ್ದಾ, ಹಳೆ ವಿದ್ಯಾರ್ಥಿಯ ಮಗುವಿನದ್ದಾ ಅಂತ ಅದು ಹೇಳುವುದಿಲ್ಲ. ಐದಾರು ಚುಕ್ಕಿ ನೋಡಿ ಹಿಗ್ಗಬೇಡಿ.

ಒಳ್ಳೆಯ ಸೇಫ್ಟಿ ಅಂದರೆ ಯಾವುದು?

ಇಡೀ ಪಟ್ಟಿಯಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇದಕ್ಕೆ. ಹೆಚ್ಚಿನವರು ಕೊಡುವುದು ಹತ್ತು ನಿಮಿಷ.

ನನ್ನ ಪ್ರಕಾರ ಮೂರೂ ಇದ್ದರೆ ಮಾತ್ರ ಅದು ಸೇಫ್ಟಿ. ಬೇಕಾದ ಮೇಜರ್‌ನಲ್ಲೇ ಸೀಟು ಬಹುತೇಕ ಖಚಿತವಾಗಿರಬೇಕು. ಯಾವ ಸ್ಕಾಲರ್‌ಶಿಪ್ಪನ್ನೂ ನೆಚ್ಚಿಕೊಳ್ಳದೆ ಫೀಸು ಕಟ್ಟಲು ಆಗಬೇಕು. ಮತ್ತೆ, ಅಲ್ಲಿಗೇ ಹೋಗಬೇಕಾಗಿ ಬಂದರೆ ಮಗು ಮುಖ ಸಪ್ಪೆ ಮಾಡಿಕೊಳ್ಳದೆ ಹೋಗುವಂತಿರಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಹೋಗಲು ಇಷ್ಟವಿಲ್ಲದ ಕಾಲೇಜನ್ನು ಪಟ್ಟಿಯಲ್ಲಿಟ್ಟರೆ ಆ ಜಾಗ ಖಾಲಿ ಇದ್ದಂತೆಯೇ.

ಖಚಿತ ಅನ್ನುವುದಕ್ಕೆ ಕೆಲವು ಕಡೆ ಲಿಖಿತ ನಿಯಮವೇ ಇದೆ. ಟೆಕ್ಸಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಹೈಸ್ಕೂಲಿನ ಮೇಲಿನ 10 ಪರ್ಸೆಂಟ್ ಮಕ್ಕಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ತಾನಾಗೇ ಪ್ರವೇಶ ಸಿಗುತ್ತದೆ. ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ಗೆರೆ ಬಿಗಿಯಾಗುತ್ತಾ ಬಂದು 2026ರ ಬ್ಯಾಚಿಗೆ ಮೇಲಿನ 5 ಪರ್ಸೆಂಟಿಗೆ ಬಂದಿದೆ. ಆದರೆ ಇಲ್ಲೊಂದು ಗುಂಡಿ ಇದೆ. ತಾನಾಗೇ ಸಿಗುವುದು ವಿಶ್ವವಿದ್ಯಾಲಯಕ್ಕೆ ಪ್ರವೇಶ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್ ಸೀಟಿಗೆ ಬೇರೆಯದೇ ಪೈಪೋಟಿ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಮೇಲಿನ 9 ಪರ್ಸೆಂಟ್ ಮಕ್ಕಳು ಅರ್ಜಿ ಹಾಕಿದ ಯಾವ ಯುಸಿಯಲ್ಲೂ (ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್ಸುಗಳು) ಸಿಗದಿದ್ದರೆ, ಜಾಗವಿರುವ ಇನ್ನೊಂದು ಯುಸಿ ಕ್ಯಾಂಪಸ್ಸಿನಲ್ಲಿ ಕೊಡುತ್ತಾರೆ. ಯಾವ ಕ್ಯಾಂಪಸ್ ಅನ್ನುವುದು ನಿಮ್ಮ ಆಯ್ಕೆಯಲ್ಲ. ಅಯೋವಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಅಂಕಗಳ ಸೂತ್ರ ಒಂದಿದೆ, ಲೆಕ್ಕ ಹಾಕಿ ನೋಡಿಕೊಳ್ಳಬಹುದು.

ಇನ್ನೊಂದು ದಾರಿ ರೋಲಿಂಗ್ ಅಡ್ಮಿಷನ್, ಅಂದರೆ ಅರ್ಜಿ ಬಂದ ಹಾಗೆಲ್ಲ ತೀರ್ಮಾನ ಹೇಳುವ ಪದ್ಧತಿ. ಪಿಟ್ಸ್‌ಬರ್ಗ್, ಅರಿಜೋನಾ ಸ್ಟೇಟ್ ತರಹದ ಕಡೆ ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿದರೆ ಬೇರೆಯವರು ಇನ್ನೂ ಪ್ರಬಂಧ ತಿದ್ದುತ್ತಿರುವಾಗಲೇ ಉತ್ತರ ಬರುತ್ತದೆ. ಅಕ್ಟೋಬರ್‌ನಲ್ಲಿ ಕೈಯಲ್ಲಿ ಒಂದು ಸೀಟು ಇದ್ದರೆ ಆ ಮಗು ಉಳಿದ ಅರ್ಜಿಗಳನ್ನು ಬರೆಯುವ ರೀತಿಯೇ ಬೇರೆ. ರಾತ್ರಿ ನಿದ್ದೆ ಬರುತ್ತದೆ. ಪ್ರಬಂಧದಲ್ಲಿ ಗಾಬರಿ ಇರುವುದಿಲ್ಲ.

ಸೇಫ್ಟಿಗೆ ಹೋದರೆ ಬುದ್ಧಿವಂತ ಮಕ್ಕಳು ಹಾಳಾಗುವುದಿಲ್ಲವಾ?

ಇಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಒಳಗೇ ಚುರುಕು ಮಕ್ಕಳಿಗಾಗಿ ಇರುವ ಆನರ್ಸ್ ಕಾಲೇಜುಗಳನ್ನು ಒಮ್ಮೆ ಸರಿಯಾಗಿ ನೋಡಿ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್, ಪೆನ್ ಸ್ಟೇಟ್‌ನ ಶ್ರೇಯರ್, ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿಯ ಮೆಕಾಲೆ, ಆಸ್ಟಿನ್‌ನ ಪ್ಲಾನ್ ಟು. ಸಣ್ಣ ಕ್ಲಾಸು, ಆನರ್ಸ್ ಥೀಸಿಸ್, ಎಷ್ಟೋ ಕಡೆ ಕೋರ್ಸುಗಳಿಗೆ ಮೊದಲು ಹೆಸರು ಹಚ್ಚುವ ಅವಕಾಶ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದ ಲ್ಯಾಬುಗಳೂ ಪಕ್ಕದಲ್ಲೇ ಇರುತ್ತವೆ. ಆದರೆ ಶ್ರೇಯರ್, ಪ್ಲಾನ್ ಟು ತರಹದವಕ್ಕೆ ಸೇರುವುದೇ ಕಷ್ಟ. ವಿಶ್ವವಿದ್ಯಾಲಯ ಸೇಫ್ಟಿ ಆಗಿರಬಹುದು, ಅದರ ಆನರ್ಸ್ ಸೇಫ್ಟಿ ಆಗಿರಬೇಕೆಂದಿಲ್ಲ. ಆನರ್ಸ್ ಸಿಗದಿದ್ದರೂ ಹೋಗುತ್ತೀಯಾ ಅಂತ ಮಗುವನ್ನು ಈಗಲೇ ಕೇಳಿ.

ಒಟ್ಟು ಎಷ್ಟು ಕಾಲೇಜಿಗೆ ಹಾಕಬೇಕು?

ಹತ್ತರಿಂದ ಹನ್ನೆರಡು ಸಾಕು. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 20ರವರೆಗೆ ಬಿಡುತ್ತಾರೆ, ಯುಸಿ ಮತ್ತು ಎಂಐಟಿಗೆ ಬೇರೆಯೇ ಅರ್ಜಿ. ಬಿಡುತ್ತಾರೆ ಅಂತ ತುಂಬಿಸಬೇಕಾಗಿಲ್ಲ.

ಇಪ್ಪತ್ತು ಟಾಪ್ ಕಾಲೇಜಿಗೆ ಹಾಕಿದರೆ ಒಂದಾದರೂ ಸಿಗಲ್ವಾ?

ಲೆಕ್ಕ ಮಾಡಿ ನೋಡೋಣ. ಒಂದೊಂದರಲ್ಲೂ 5 ಪರ್ಸೆಂಟ್ ಅವಕಾಶ ಇದೆ ಅಂದುಕೊಳ್ಳಿ. ಹತ್ತು ಕಡೆ ಹಾಕಿದರೆ ಒಂದಾದರೂ ಸಿಗುವ ಸಂಭವ 40 ಪರ್ಸೆಂಟ್. ಇಪ್ಪತ್ತಕ್ಕೆ ಹಾಕಿದರೆ 64. ಅಂದರೆ ಇಪ್ಪತ್ತು ಕಡೆ ಹಾಕಿಯೂ ಮೂರರಲ್ಲಿ ಒಬ್ಬರಿಗೆ ಎಲ್ಲಿಯೂ ಇಲ್ಲ. ಅದೂ ಒಂದೊಂದು ತೀರ್ಮಾನವೂ ಇನ್ನೊಂದಕ್ಕೆ ಸಂಬಂಧವಿಲ್ಲದ್ದು ಅಂತ ಇಟ್ಟುಕೊಂಡರೆ ಮಾತ್ರ. ನಿಜದಲ್ಲಿ ಎಲ್ಲ ಕಡೆಗೂ ಹೋಗುವುದು ಅದೇ ಗ್ರೇಡು, ಅದೇ ಮುಖ್ಯ ಪ್ರಬಂಧ, ಅದೇ ಟೀಚರ್ ಪತ್ರ. ಒಂದು ಕಡೆ ಮಂಕಾಗಿ ಕಂಡದ್ದು ಇನ್ನೊಂದು ಕಡೆಯೂ ಮಂಕಾಗಿಯೇ ಕಾಣುವ ಸಾಧ್ಯತೆ ಹೆಚ್ಚು.

ಬರೆಯುವ ಕೆಲಸವೂ ಸಣ್ಣದಲ್ಲ. 650 ಪದದ ಮುಖ್ಯ ಪ್ರಬಂಧ ಎಲ್ಲರಿಗೂ ಒಂದೇ, ಸರಿ. ಅದರ ಮೇಲೆ ಸ್ಟ್ಯಾನ್‌ಫರ್ಡ್ ಒಂದಕ್ಕೇ ಮೂರು ಸಣ್ಣ ಪ್ರಬಂಧ, ಐದು ಚುಟುಕು ಉತ್ತರ ಇರುತ್ತವೆ. ಯುಸಿಗೆ ಎಂಟು ಪ್ರಶ್ನೆಯಲ್ಲಿ ನಾಲ್ಕನ್ನು ಆರಿಸಿ ತಲಾ 350 ಪದ. ಇಪ್ಪತ್ತು ಕಾಲೇಜು ಅಂದರೆ ಅರವತ್ತು-ಎಪ್ಪತ್ತು ಬರಹ. ಹನ್ನೆರಡನೆಯ ಕ್ಲಾಸಿನ ಎಪಿ (ಕಾಲೇಜು ಮಟ್ಟದ) ಕೋರ್ಸುಗಳ ನಡುವೆ ಅಷ್ಟು ಬರೆದರೆ ಹದಿನೈದನೆಯದಕ್ಕೆ ಬರುವಾಗ ಕಾಲೇಜಿನ ಹೆಸರು ಬದಲಿಸಿ ಅಂಟಿಸುವ ಕೆಲಸ ಶುರುವಾಗುತ್ತದೆ. ಓದುವವರಿಗೆ ಅದು ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

ಕಂಪ್ಯೂಟರ್ ಸೈನ್ಸ್‌ಗೆ ಹಾಕುವವರ ಪಟ್ಟಿ ಬೇರೆ ತರಹ ಇರಬೇಕಾ?

ಹೌದು, ಪೂರ್ತಿ ಬೇರೆ. ನಮ್ಮ ಮನೆಗಳಲ್ಲಿ ಜಾಸ್ತಿ ಏಟು ಬೀಳುವುದು ಇಲ್ಲೇ.

ಇಲಿನಾಯ್ ಅರ್ಬಾನಾ-ಶಾಂಪೇನ್ ಒಟ್ಟಾರೆ ನೂರರಲ್ಲಿ 40ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡ ವರ್ಷಗಳಿವೆ. ಅದನ್ನು ನೋಡಿ ಟಾರ್ಗೆಟ್ ಅಂತ ಬರೆದುಕೊಳ್ಳುತ್ತಾರೆ. ಅದೇ ಕಡೆ ಕಂಪ್ಯೂಟರ್ ಸೈನ್ಸ್‌ಗೆ ಸಿಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನಕ್ಕೆ. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಹೊರರಾಜ್ಯದ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ನೇರ ಪ್ರವೇಶ ಹಾರ್ವರ್ಡ್‌ನಷ್ಟೇ ಕಷ್ಟ. ಆ ವಿಭಾಗದವರೇ ಹೇಳುತ್ತಾರೆ: ಇದೇ ಬೇಕು ಅನ್ನುವವರು ನೇರ ಪ್ರವೇಶ ಸಿಗದಿದ್ದರೆ ಬೇರೆ ವಿಶ್ವವಿದ್ಯಾಲಯ ನೋಡಿಕೊಳ್ಳಿ ಅಂತ. ಕಾರ್ನೆಗಿ ಮೆಲನ್‌ನ ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್ ಕೂಡ ಆ ವಿಶ್ವವಿದ್ಯಾಲಯದ ಒಟ್ಟು ದರಕ್ಕಿಂತ ಎಷ್ಟೋ ಬಿಗಿ.

ಹಾಗಾಗಿ ಪ್ರತಿ ಕಾಲೇಜಿನ ಮುಂದೆ ಎರಡು ಪ್ರಶ್ನೆ ಬರೆದುಕೊಳ್ಳಿ. ಇಲ್ಲಿ ಪ್ರವೇಶ ಮೇಜರ್ ನೋಡಿ ಕೊಡುತ್ತಾರಾ? ಸೇರಿದ ಮೇಲೆ ಬದಲಾಯಿಸಿಕೊಳ್ಳಬಹುದಾ? ಎಂಐಟಿ, ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನಲ್ಲಿ ಮೇಜರ್‌ವಾರು ಸೀಟು ಇಲ್ಲ; ಒಳಗೆ ಹೋದ ಮೇಲೆ ಆರಿಸಿಕೊಳ್ಳಬಹುದು. ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪರಿಸ್ಥಿತಿ ಹೆಚ್ಚಾಗಿ ಇದರ ವಿರುದ್ಧ. ಈ ಎರಡು ಕಾಲಂ ತುಂಬಿದ ಮೇಲೆ ಎಷ್ಟೋ ಪಟ್ಟಿಗಳಲ್ಲಿ ಟಾರ್ಗೆಟ್ ಅನ್ನುವುದೇ ಉಳಿದಿರುವುದಿಲ್ಲ. ನರ್ಸಿಂಗ್, ಬಿಸಿನೆಸ್, ನೇರ ಮೆಡಿಕಲ್ ಪ್ರೋಗ್ರಾಂಗಳಿಗೂ ಇದೇ ಎಚ್ಚರಿಕೆ. ಹೈಸ್ಕೂಲಿನಿಂದಲೇ ಮೆಡಿಕಲ್ ಸೀಟು ಕೊಡುವ ಜೋಡಿ ಪ್ರೋಗ್ರಾಂಗಳು ಎಲ್ಲವೂ ರೀಚ್, ಒಂದನ್ನೂ ಬಿಡದೆ.

ಸುಲಭದ ಮೇಜರ್‌ಗೆ ಹಾಕಿ ಆಮೇಲೆ ಬದಲಾಯಿಸಿಕೊಂಡರೆ?

ಬೇಡ. ನಾಲ್ಕು ವರ್ಷ ರೊಬೊಟಿಕ್ಸ್ ಮಾಡಿದ ಹುಡುಗ ದಿಢೀರ್ ಅಂತ ಭಾಷಾಶಾಸ್ತ್ರ ಅಂತ ಬರೆದರೆ ಓದುವವರಿಗೆ ಅನುಮಾನ ಬರುತ್ತದೆ. ಸಿಕ್ಕಿದರೂ ಒಳಗಿನ ಬಾಗಿಲು ಮುಚ್ಚಿರಬಹುದು. ಇಲಿನಾಯ್‌ನ ಕಂಪ್ಯೂಟರ್ ಸೈನ್ಸ್ ಜೊತೆಗೆ ಇನ್ನೊಂದು ವಿಷಯ ಸೇರಿಸಿದ ಮಿಶ್ರ ಡಿಗ್ರಿಗಳ ತರಹದ್ದು ನಿಜವಾಗಿ ಇಷ್ಟವಿದ್ದರೆ ಹಾಕಿ. ಸಂಗೀತ ಇಷ್ಟವಿರುವ ಮಗುವಿಗೆ ಸಂಗೀತ ಮತ್ತು ಕಂಪ್ಯೂಟಿಂಗ್ ಒಳ್ಳೆಯ ಜಾಗವೇ.

ಅರ್ಲಿ ಡಿಸಿಷನ್ ಹಾಕಬೇಕಾ?

ಮೊದಲು ಬೇಗ ಅರ್ಜಿ ಹಾಕುವ ಮೂರು ಬಗೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಅರ್ಲಿ ಡಿಸಿಷನ್ ಕಟ್ಟುಪಾಡಿನದು: ಒಂದೇ ಕಾಲೇಜಿಗೆ ಹಾಕಬೇಕು, ಸಿಕ್ಕಿದರೆ ಹೋಗಲೇಬೇಕು. ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ), ಕೊಲಂಬಿಯಾ, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್, ಡ್ಯೂಕ್, ನಾರ್ತ್‌ವೆಸ್ಟರ್ನ್ ಈ ಗುಂಪಿನವು. ಅರ್ಲಿ ಆ್ಯಕ್ಷನ್‌ನಲ್ಲಿ ಕಟ್ಟು ಇಲ್ಲ; ಎಂಐಟಿ, ಜಾರ್ಜಿಯಾ ಟೆಕ್, ಪರ್ಡ್ಯೂ ಇಲ್ಲಿವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ನದು ನಡುವಿನ ದಾರಿ. ಹೋಗಲೇಬೇಕೆಂದಿಲ್ಲ, ಆದರೆ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕುವಂತಿಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಾಕಬಹುದು. ಹೆಚ್ಚಿನವಕ್ಕೆ ಕೊನೆ ದಿನ ನವೆಂಬರ್ 1ರ ಆಸುಪಾಸು.

ಅರ್ಲಿ ಡಿಸಿಷನ್‌ನ ಪ್ರವೇಶ ದರ ಜಾಸ್ತಿ ಕಾಣುತ್ತದೆ, ನಿಜ. ಆ ಸಂಖ್ಯೆಯೊಳಗೆ ಮೊದಲೇ ಗೊತ್ತು ಮಾಡಿಕೊಂಡ ಆಟಗಾರರು, ಹಳೆ ವಿದ್ಯಾರ್ಥಿಗಳ ಮಕ್ಕಳೂ ಇರುತ್ತಾರೆ. ಸಾಮಾನ್ಯ ವಿದ್ಯಾರ್ಥಿಗೆ ಸಿಗುವ ಲಾಭ ಅಷ್ಟು ದೊಡ್ಡದಲ್ಲ, ಆದರೂ ಕೆಲವು ಕಡೆ ಇದ್ದೇ ಇದೆ. ನನ್ನ ಸಲಹೆ: ಮಗುವಿಗೆ ಅದೇ ಕಾಲೇಜು ಅಂತ ಖಚಿತವಿದ್ದು, ಖರ್ಚಿನ ಲೆಕ್ಕ ಮನೆಯಲ್ಲಿ ಕೂತು ಮಾತಾಡಿ ಒಪ್ಪಿಗೆಯಾಗಿದ್ದರೆ ಮಾತ್ರ ಹಾಕಿ. ಬೇರೆ ಬೇರೆ ಕಾಲೇಜಿನ ಸ್ಕಾಲರ್‌ಶಿಪ್ ಹೋಲಿಸಿ ನೋಡಬೇಕಾದ ಮನೆಯವರಿಗೆ ಇದು ಸರಿಹೋಗುವುದಿಲ್ಲ.

ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಅರ್ಲಿ ಆ್ಯಕ್ಷನ್ ಇದ್ದರೆ ತಪ್ಪಿಸಬೇಡಿ. ಮೇರಿಲ್ಯಾಂಡ್‌ನಂತಹ ಕಡೆ ಹೆಚ್ಚಿನ ಸೀಟು, ಸ್ಕಾಲರ್‌ಶಿಪ್ ಎಲ್ಲ ನವೆಂಬರ್ 1ರ ಅರ್ಜಿಗಳಿಗೇ ಹೋಗಿಬಿಡುತ್ತದೆ.

ಟಾಪರ್ ಆದವರಿಗೆ ಸ್ಕಾಲರ್‌ಶಿಪ್ ತಾನಾಗೇ ಬರುತ್ತದಲ್ವಾ?

ಐವಿ ಲೀಗಿನ ಎಂಟೂ ಕಾಲೇಜುಗಳು, ಎಂಐಟಿ, ಸ್ಟ್ಯಾನ್‌ಫರ್ಡ್ ಓದಿನ ಮೆರಿಟ್‌ಗೆ ಒಂದು ಡಾಲರೂ ಕೊಡುವುದಿಲ್ಲ. ಅಲ್ಲಿ ಸಹಾಯವೆಲ್ಲ ಮನೆಯ ಆದಾಯ ನೋಡಿ. ಆ ಸಹಾಯ ಮಾತ್ರ ಧಾರಾಳ: 2025ರಿಂದ ಹಾರ್ವರ್ಡ್ ಮತ್ತು ಎಂಐಟಿ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯವಿರುವ, ಸಾಮಾನ್ಯ ಪ್ರಮಾಣದ ಆಸ್ತಿಯ ಕುಟುಂಬಗಳಿಗೆ ಟ್ಯೂಷನ್ (ಬೋಧನಾ ಶುಲ್ಕ) ಪೂರ್ತಿ ಬಿಡುತ್ತಿವೆ. ಪ್ರಿನ್ಸ್‌ಟನ್‌ನಲ್ಲಿ ಅದು 2.5 ಲಕ್ಷದವರೆಗೆ ಹೋಗಿದೆ. ಮೆರಿಟ್ ಹಣ ಸಿಗುವುದು ನಿಮ್ಮ ಮಗು ಅಲ್ಲಿನ ಕ್ಲಾಸಿನ ಮೇಲಿನ ಸಾಲಿನಲ್ಲಿ ಇರುವಂತಹ ಕಾಲೇಜುಗಳಲ್ಲಿ. ಅಲಬಾಮಾ ವಿಶ್ವವಿದ್ಯಾಲಯ ಜಿಪಿಎ ಮತ್ತು ಟೆಸ್ಟ್ ಸ್ಕೋರ್ ಹಾಕಿದರೆ ಎಷ್ಟು ಕೊಡುತ್ತೇವೆ ಅಂತ ಪಟ್ಟಿಯನ್ನೇ ಪ್ರಕಟಿಸುತ್ತದೆ. ಹನ್ನೊಂದನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಬರೆಯುವ, ಎಸ್‌ಎಟಿಗೆ ಪೂರ್ವತಯಾರಿಯಂತಿರುವ ಪಿಎಸ್‌ಎಟಿಯಿಂದ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ಗೆ ಆಯ್ಕೆಯಾದರೆ ಅಲಬಾಮಾ, ಯುಟಿ ಡಲ್ಲಾಸ್ ತರಹದ ಕಡೆ ದೊಡ್ಡ ಪ್ಯಾಕೇಜ್ ಇರುತ್ತದೆ.

ಪಟ್ಟಿಗೆ ಹೆಸರು ಸೇರಿಸುವ ಮೊದಲು ಸಹಾಯ ಕಳೆದು ನಿಮಗೆಷ್ಟು ಖರ್ಚು ಬೀಳುತ್ತದೆ ಅಂತ ತೋರಿಸುವ ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೆರೆಯಿರಿ. ಫೆಡರಲ್ ಕಾನೂನಿನ ಪ್ರಕಾರ 2011ರಿಂದ ಅಂಥದ್ದೊಂದು ವೆಬ್‌ಸೈಟಿನಲ್ಲಿ ಇರಲೇಬೇಕು. ತೆರಿಗೆ ರಿಟರ್ನ್ ಪಕ್ಕದಲ್ಲಿಟ್ಟುಕೊಂಡು ಕೂತರೆ ಕಾಲು ಗಂಟೆಯ ಕೆಲಸ. ಇಬ್ಬರೂ ಒಳ್ಳೆಯ ಕೆಲಸದಲ್ಲಿರುವ ಮನೆಗಳಿಗೆ ಎಷ್ಟೋ ಖಾಸಗಿ ಕಾಲೇಜುಗಳ ಉತ್ತರ ಸೊನ್ನೆ ಸಹಾಯ ಅಂತ ಬರುತ್ತದೆ. ಆಗ ವರ್ಷಕ್ಕೆ 85-90 ಸಾವಿರ ಡಾಲರ್ ಕೈಯಿಂದ ಹಾಕಬೇಕು. ಹೊರರಾಜ್ಯದ ಮಕ್ಕಳಿಗೆ ಯುಸಿ ಸಾಮಾನ್ಯ ಟ್ಯೂಷನ್ ಮೇಲೆ ಇನ್ನೂ 34 ಸಾವಿರಕ್ಕೂ ಹೆಚ್ಚು ಸೇರಿಸುತ್ತದೆ. ಏಪ್ರಿಲ್‌ನಲ್ಲಿ ಸೀಟು ಬಂದ ಮೇಲೆ "ಅಷ್ಟು ಕಟ್ಟಲು ಆಗಲ್ಲಮ್ಮಾ" ಅಂದರೆ ಮಗುವಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ. ವರ್ಷಕ್ಕೆ ಎಷ್ಟು ಕಟ್ಟಬಲ್ಲೆವು ಅನ್ನುವ ಸಂಖ್ಯೆಯನ್ನು ಜೂನ್‌ನಲ್ಲೇ ಮಗುವಿಗೆ ಬಾಯಿಬಿಟ್ಟು ಹೇಳಿ. ಎಷ್ಟೋ ಮನೆಯಲ್ಲಿ ಎಲ್ಲವನ್ನೂ ಮಾತಾಡುತ್ತಾರೆ, ಇದೊಂದನ್ನು ಬಿಟ್ಟು.

ನಾವು ಎಚ್-1ಬಿ (ಕೆಲಸದ ವೀಸಾ), ಮಗ ಎಚ್-4 (ಅವಲಂಬಿತರ ವೀಸಾ). ಏನು ವ್ಯತ್ಯಾಸ?

ಹಣದ ವಿಷಯದಲ್ಲಿ ತುಂಬಾ. ಎಚ್-4 ಮಕ್ಕಳಿಗೆ ಫೆಡರಲ್ ಸಹಾಯ ಇಲ್ಲ. ಹಲವು ಖಾಸಗಿ ಕಾಲೇಜುಗಳು ಸಹಾಯದ ಲೆಕ್ಕಕ್ಕೆ ಇವರನ್ನು ವಿದೇಶಿ ವಿದ್ಯಾರ್ಥಿ ಅಂತಲೇ ನೋಡುತ್ತವೆ, ಚಿಕ್ಕಂದಿನಿಂದ ಇಲ್ಲೇ ಓದಿದ್ದರೂ. ವಿದೇಶಿಯರಿಗೆ ಹಣ ಕೇಳಿದರೆ ಅಡ್ಮಿಷನ್ನಿನಲ್ಲಿ ತೊಂದರೆಯಾಗದ ಕಾಲೇಜುಗಳು ಬೆರಳೆಣಿಕೆಯವು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡಿನ್ ಅವುಗಳಲ್ಲಿ ಕೆಲವು. ಸ್ವಂತ ರಾಜ್ಯದ ಫೀಸು ಮಾತ್ರ ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಸಿಗುತ್ತದೆ. ನಿಯಮ ರಾಜ್ಯಕ್ಕೊಂದು ತರಹ. ವಿಶ್ವವಿದ್ಯಾಲಯದ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಬರೆದು ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ. 21 ತುಂಬಿದ ಮೇಲೆ ಎಚ್-4 ಉಳಿಯುವುದಿಲ್ಲ, ಅಂದರೆ ಡಿಗ್ರಿಯ ನಡುವೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಹೋಗಬೇಕಾಗಬಹುದು. ಆಗ ಫೀಸು ಬದಲಾಗುತ್ತದಾ ಅಂತ ಅದೇ ಇಮೇಲಿನಲ್ಲಿ ಕೇಳಿಬಿಡಿ. ಹೀಗಿರುವಾಗ ಎಚ್-4 ಮಗುವಿನ ಪಟ್ಟಿಗೆ ಸ್ವಂತ ರಾಜ್ಯದ ವಿಶ್ವವಿದ್ಯಾಲಯವೇ ಅಡಿಪಾಯ.

ಎಸ್‌ಎಟಿ ಈಗ ಬೇಕಾ, ಬೇಡವಾ?

ಬೇಕು ಅನ್ನುವವರು ಹೆಚ್ಚಾಗುತ್ತಿದ್ದಾರೆ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಹಿಂದೆಯೇ ಬಂದವು. ಯೇಲ್ ಎಸ್‌ಎಟಿ, ಅದರಂಥದ್ದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಬದಲಿಗೆ ಎಪಿ ಅಥವಾ ಐಬಿ ಅಂಕಗಳನ್ನೂ ಒಪ್ಪುವ ದಾರಿ ಹಿಡಿಯಿತು. ಯುಸಿಗಳು ಮಾತ್ರ ಸ್ಕೋರ್ ಕಳಿಸಿದರೂ ಪ್ರವೇಶಕ್ಕೆ ನೋಡುವುದಿಲ್ಲ. ಹಾಗಾಗಿ 1580 ಬಂದಿರುವ ಮಗುವಿಗೆ ಯುಸಿಎಲ್‌ಎಯಲ್ಲಿ ಅದರಿಂದ ಯಾವ ಲಾಭವೂ ಇಲ್ಲ. ಯುಸಿಎಲ್‌ಎಗೆ ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು ಅರ್ಜಿ ಬರುತ್ತವೆ, ಸಿಗುವುದು ನೂರಕ್ಕೆ ಒಂಬತ್ತರ ಆಸುಪಾಸು. ಕ್ಯಾಲಿಫೋರ್ನಿಯಾದ ಟಾಪರ್‌ಗೂ ಅದು ರೀಚೇ.

ಏಷ್ಯನ್ ಅನ್ನುವ ಕಾರಣಕ್ಕೆ ಪಟ್ಟಿ ಬದಲಿಸಬೇಕಾ?

2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ಅದಕ್ಕೆ ಮುಂಚೆಯೂ ಆಮೇಲೂ ಸೀಟುಗಳ ಸಂಖ್ಯೆ ಅಷ್ಟೇ ಇದೆ. ಪಟ್ಟಿ ಕಟ್ಟುವ ಲೆಕ್ಕ ಬದಲಾಗುವುದಿಲ್ಲ.

ಸಾಧಾರಣ ಕಾಲೇಜುಗಳು ತುಂಬಾ ಚೆನ್ನಾಗಿ ಓದುವವರನ್ನು ಬೇಕೆಂದೇ ಬಿಡುತ್ತವಂತೆ, ನಿಜವಾ?

ಮಗು ಹೇಗೂ ಬರುವುದಿಲ್ಲ ಅಂತ ಅನ್ನಿಸಿದರೆ ಕೆಲವು ಖಾಸಗಿ ಕಾಲೇಜುಗಳು ವೇಟ್‌ಲಿಸ್ಟ್‌ಗೆ ಹಾಕುತ್ತವೆ ಅಂತ ಕೌನ್ಸೆಲರ್‌ಗಳು ಹೇಳುವುದುಂಟು. ಅದಕ್ಕೆ ಮದ್ದು ನಿಮ್ಮ ಹತ್ತಿರವೇ ಇದೆ. ಆ ಕಾಲೇಜಿನ ಕಾಮನ್ ಡೇಟಾ ಸೆಟ್‌ನ ಸಿ7ರಲ್ಲಿ ಅರ್ಜಿದಾರರ ಆಸಕ್ತಿ ಅನ್ನುವ ಸಾಲು ನೋಡಿ. ಅದಕ್ಕೆ ತೂಕ ಇದೆ ಅಂತ ಟಿಕ್ ಇದ್ದರೆ ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ಕೊಟ್ಟು ಹೋಗಿ, ಅವರ ಇಮೇಲ್ ತೆರೆದು ಓದಿ, ನಿಮ್ಮ ಶಾಲೆಗೆ ಅವರ ಪ್ರತಿನಿಧಿ ಬಂದಾಗ ಮಾತಾಡಿ. "ನಮ್ಮ ಕಾಲೇಜೇ ಯಾಕೆ" ಅನ್ನುವ ಪ್ರಬಂಧಕ್ಕೆ ರೀಚ್‌ಗೆ ಪಟ್ಟಷ್ಟೇ ಶ್ರಮ ಪಡಿ. ಟಾರ್ಗೆಟ್ ಕಾಲೇಜಿನ ಪ್ರಬಂಧವನ್ನು ಡಿಸೆಂಬರ್ 31ರ ರಾತ್ರಿ ಬರೆದು ಸಿಗಲಿಲ್ಲ ಅಂತ ಬೇಜಾರಾದರೆ ತಪ್ಪು ಅವರದಲ್ಲ.

ಹೆಸರೇ ಕೇಳಿಲ್ಲದ ಲಿಬರಲ್ ಆರ್ಟ್ಸ್ ಕಾಲೇಜುಗಳು ಯಾಕೆ?

ಇವು ಡಿಗ್ರಿ ಓದಿಗೇ ಮೀಸಲಾದ ಸಣ್ಣ ಕಾಲೇಜುಗಳು. ಹೆಸರು ಕೇಳಿಲ್ಲ ಅನ್ನುವುದು ನಮ್ಮ ನೆಂಟರಿಷ್ಟರ ವಲಯದ ಮಿತಿ. ವಿಲಿಯಮ್ಸ್, ಆ್ಯಮ್‌ಹರ್ಸ್ಟ್, ಸ್ವಾರ್ಥ್‌ಮೋರ್, ಪೊಮೋನ ಅಮೆರಿಕದ ಅತಿ ಕಷ್ಟದ ಕಾಲೇಜುಗಳಲ್ಲಿ ಸೇರಿವೆ. ಹಾರ್ವೆ ಮಡ್‌ನಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಬಿಟ್ಟರೆ ಬೇರೆ ಮೇಜರೇ ಇಲ್ಲ ಅನ್ನಬಹುದು. ಕಾರ್ಲ್‌ಟನ್, ಮೆಕಲೆಸ್ಟರ್‌ನಂಥವು ಒಳ್ಳೆಯ ವಿದ್ಯಾರ್ಥಿಯ ಪಟ್ಟಿಯ ನಡುವಿನ ಖಾಲಿ ಜಾಗ ತುಂಬಬಲ್ಲವು. ಇಲ್ಲಿ ಮಾಸ್ಟರ್ಸ್, ಪಿಎಚ್‌ಡಿ ವಿದ್ಯಾರ್ಥಿಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಪ್ರೊಫೆಸರ್ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಅವಕಾಶ ಡಿಗ್ರಿ ಮಕ್ಕಳಿಗೇ ಸಿಗುತ್ತದೆ. ಮಾತು ಕಡಿಮೆಯ, ಆದರೆ ಒಬ್ಬ ಟೀಚರ್ ಹುರಿದುಂಬಿಸಿದರೆ ಅರಳುವ ಮಗು ನಿಮ್ಮದಾಗಿದ್ದರೆ ಇಂಥ ಒಂದನ್ನಾದರೂ ಖುದ್ದಾಗಿ ಹೋಗಿ ನೋಡಿ ಅಂತ ನಾನು ಒತ್ತಾಯ ಮಾಡಿ ಹೇಳುತ್ತೇನೆ.

ಒಂದು ಪಟ್ಟಿಯನ್ನು ತಿದ್ದಿ ತೋರಿಸುತ್ತೀರಾ?

ನ್ಯೂಜೆರ್ಸಿಯ ಒಬ್ಬ ವಿದ್ಯಾರ್ಥಿನಿ ಅಂದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ಬೇಕು, ಜಿಪಿಎ 3.97, ಎಸ್‌ಎಟಿ 1540. ಮನೆಯವರು ವರ್ಷಕ್ಕೆ 60 ಸಾವಿರ ಡಾಲರ್ ಕಟ್ಟಬಲ್ಲರು. ಮೊದಲು ಬರೆದುಕೊಂಡ ಪಟ್ಟಿ: ಎಂಐಟಿ, ಸ್ಟ್ಯಾನ್‌ಫರ್ಡ್, ಹಾರ್ವರ್ಡ್, ಪ್ರಿನ್ಸ್‌ಟನ್, ಕಾರ್ನೆಗಿ ಮೆಲನ್, ಕಾರ್ನೆಲ್, ಬರ್ಕ್ಲಿ, ಜಾರ್ಜಿಯಾ ಟೆಕ್, ಮಿಶಿಗನ್, ವಾಷಿಂಗ್ಟನ್, ಇಲಿನಾಯ್, ಕೊನೆಗೆ ಸ್ವಂತ ರಾಜ್ಯದ ರಟ್ಗರ್ಸ್. ಹನ್ನೆರಡರಲ್ಲಿ ಹನ್ನೊಂದು ರೀಚ್.

ಮೊದಲು ಹಣದ ಜರಡಿ ಹಿಡಿಯೋಣ. ಬರ್ಕ್ಲಿ, ಮಿಶಿಗನ್ ಹೊರರಾಜ್ಯದ ಖರ್ಚು 60 ಸಾವಿರ ದಾಟುತ್ತದೆ, ತೆಗೆದುಬಿಡಿ. ವಾಷಿಂಗ್ಟನ್‌ನಲ್ಲಿ ಸಿಗುವ ಸಂಭವ ತೀರಾ ಕಡಿಮೆ, ಅದೂ ಬೇಡ. ಕಾರ್ನೆಲ್, ಕಾರ್ನೆಗಿ ಮೆಲನ್ ಕ್ಯಾಲ್ಕುಲೇಟರ್ ಪೂರ್ತಿ ಫೀಸು ತೋರಿಸಿದರೆ ಅವೂ ಹೋದವು. ಹಾರ್ವರ್ಡ್ ಯಾಕೆ ಅಂತ ಕೇಳಿದಾಗ ಹುಡುಗಿಯ ಹತ್ತಿರ ಉತ್ತರ ಇರಲಿಲ್ಲವಾದರೆ ಅದನ್ನೂ ಬಿಡಬಹುದು. ಕ್ಯಾಲ್ಕುಲೇಟರ್ 60 ಸಾವಿರದೊಳಗೆ ತೋರಿಸಿದರೆ ಉಳಿದ ರೀಚ್‌ಗಳು ಎಂಐಟಿ, ಸ್ಟ್ಯಾನ್‌ಫರ್ಡ್, ಪ್ರಿನ್ಸ್‌ಟನ್, ಜಾರ್ಜಿಯಾ ಟೆಕ್. ಇಲಿನಾಯ್‌ನಲ್ಲಿ ಇಷ್ಟವಾಗುವ ಮಿಶ್ರ ಡಿಗ್ರಿ ಇದ್ದು ಲೆಕ್ಕಕ್ಕೆ ಕೂತರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅದೂ ಹೋಗಲಿ.

ನಡುವಿಗೆ ಪರ್ಡ್ಯೂ ಸೇರಿಸಬಹುದು. 2013ರಿಂದ ಟ್ಯೂಷನ್ ಏರಿಸಿಲ್ಲದ ಕಾಲೇಜು ಅದು. ಕಂಪ್ಯೂಟರ್ ಸೈನ್ಸ್ ಅಲ್ಲಿಯೂ ಗಟ್ಟಿ ಪೈಪೋಟಿಯದೇ, ನವೆಂಬರ್ 1ರ ಒಳಗೆ ಹಾಕಬೇಕು. ಜೊತೆಗೆ ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್ ಆ್ಯಮ್‌ಹರ್ಸ್ಟ್, ಸ್ಟೋನಿ ಬ್ರೂಕ್. ಕೆಳಗೆ ರಟ್ಗರ್ಸ್, ನ್ಯೂಜೆರ್ಸಿಯದೇ ತಾಂತ್ರಿಕ ವಿಶ್ವವಿದ್ಯಾಲಯವಾದ ಎನ್‌ಜೆಐಟಿ (ಅದರ ಆನರ್ಸ್‌ಗೂ ಹಾಕಲಿ), ಖರ್ಚು 60 ಸಾವಿರದೊಳಗೆ ಬಂದರೆ ಪಿಟ್ಸ್‌ಬರ್ಗ್. ಪಿಟ್ಸ್‌ಬರ್ಗ್ ಅರ್ಜಿ ಆಗಸ್ಟ್‌ನಲ್ಲೇ ಹೋಗಲಿ. ಈಗ ಇವಳನ್ನು ರಟ್ಗರ್ಸ್‌ಗೆ ಒಂದು ದಿನ ಕರೆದುಕೊಂಡು ಹೋಗಿ. ಪ್ರವಾಸಿಗಳ ಹಾಗೆ ಗೈಡ್ ಹಿಂದೆ ಸುತ್ತಿದರೆ ಸಾಲದು. ಅಲ್ಲಿ ಓದುತ್ತಿರುವ ಪರಿಚಯದ ಮಕ್ಕಳ ಜೊತೆ ಊಟಕ್ಕೆ ಕೂರಿಸಿ, ಒಂದು ಕ್ಲಾಸಿನಲ್ಲಿ ಕೂರಲು ಆಗುತ್ತದಾ ಕೇಳಿ. ಪಕ್ಕದ ಮನೆಯವರೆಲ್ಲ ಅಲ್ಲಿಗೇ ಹೋಗುತ್ತಾರೆ ಅನ್ನುವ ಕಾರಣಕ್ಕೇ ಮಕ್ಕಳು ಒಳ್ಳೆಯ ಕಾಲೇಜನ್ನು ಹಗುರವಾಗಿ ನೋಡುತ್ತಾರೆ.

ಪಟ್ಟಿಯನ್ನು ಅಪ್ಪ-ಅಮ್ಮ ಮಾಡಬೇಕಾ, ಮಕ್ಕಳಾ?

ಹಣದ ಮಿತಿ ಅಪ್ಪ-ಅಮ್ಮಂದು. ಹೆಸರುಗಳು ಮಕ್ಕಳವು. ಅಷ್ಟು ಗೆರೆ ಹಾಕಿಕೊಂಡರೆ ಅರ್ಧ ಜಗಳ ಕಡಿಮೆ.

ಡಿಸೆಂಬರ್‌ನಲ್ಲಿ ಡೆಫರ್ ಆಯಿತು, ಅಥವಾ ಮಾರ್ಚ್‌ನಲ್ಲಿ ವೇಟ್‌ಲಿಸ್ಟ್ ಬಂತು. ಈಗ?

ಡೆಫರ್ ಅಂದರೆ ನಿಮ್ಮ ಅರ್ಜಿಯನ್ನು ಉಳಿದವರ ಜೊತೆ ಮತ್ತೆ ನೋಡುತ್ತಾರೆ. ಕಾಲೇಜು ಒಪ್ಪುವುದಾದರೆ ಜನವರಿ-ಫೆಬ್ರವರಿಯಲ್ಲಿ ಒಂದೇ ಒಂದು ಪತ್ರ ಬರೆಯಿರಿ: ನವೆಂಬರ್ ನಂತರ ಹೊಸದಾಗಿ ಏನು ಮಾಡಿದೆ, ಈಗಲೂ ಯಾಕೆ ಬರಲು ಇಷ್ಟ. ಒಂದು ಪುಟ ದಾಟಬಾರದು. ಡೆಫರ್ ಬಂದ ಮರುದಿನವೇ ಗಾಬರಿಯಾಗಿ ಇನ್ನೂ ಆರು ರೀಚ್ ಸೇರಿಸುವ ಮನೆಗಳಿವೆ. ಸೇರಿಸಲೇಬೇಕಿದ್ದರೆ ಜನವರಿಯ ಗಡುವಿನೊಳಗೆ ಒಂದೆರಡು ಟಾರ್ಗೆಟ್ ಸೇರಿಸಿ.

ವೇಟ್‌ಲಿಸ್ಟ್‌ನಿಂದ ಎಷ್ಟು ಜನಕ್ಕೆ ಸಿಗುತ್ತದೆ ಅನ್ನುವುದು ವರ್ಷದಿಂದ ವರ್ಷಕ್ಕೆ ವಿಪರೀತ ಬದಲಾಗುತ್ತದೆ. ಕೆಲವು ವರ್ಷ ಸೊನ್ನೆ. ಕಾಮನ್ ಡೇಟಾ ಸೆಟ್‌ನ ಸಿ2ರಲ್ಲಿ ಹಳೆಯ ಸಂಖ್ಯೆಗಳಿವೆ, ನೋಡಿಕೊಳ್ಳಿ. ವೇಟ್‌ಲಿಸ್ಟ್‌ನಲ್ಲಿ ಹೆಸರು ಉಳಿಸಿಕೊಳ್ಳುವುದಿದ್ದರೆ ಆ ಫಾರಂ ತುಂಬಿ ಕಳಿಸಿ. ಹಾಗೇ ಸೀಟು ಸಿಕ್ಕಿರುವ ಒಂದು ಕಾಲೇಜಿಗೆ ಮೇ 1ರ ಒಳಗೆ ಡಿಪಾಸಿಟ್ ಕಟ್ಟಿ, ಹಾಸ್ಟೆಲ್ ಅರ್ಜಿಯನ್ನೂ ಅವತ್ತೇ ಹಾಕಿಬಿಡಿ. ಮುಂದೆ ವೇಟ್‌ಲಿಸ್ಟ್‌ನಿಂದ ಕರೆ ಬಂದು ಅಲ್ಲಿಗೇ ಹೋದರೆ ಈ ಡಿಪಾಸಿಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆ ಹಣವನ್ನು ಬಜೆಟ್ಟಿನಲ್ಲಿ ಮೊದಲೇ ಬಿಟ್ಟುಬಿಡಿ.